ಒರಟು ಮುಖದ ಕ್ಯೂಬು

ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಟೈಲ್ಸ್ ರಾಣಿ ಎಂದೇ ಕರೆಯುತ್ತಿದ್ದರು. ಅಮ್ಮ ಮನೆಗಳ ನೆಲಕ್ಕೆ ಟೈಲ್ಸ್ ಹಾಕುವವಳು. ಅಲ್ಲಿ ಉಳಿದ ಒಡಕು ಚೂರುಗಳನ್ನು ಮಗಳು ಚೀಲದಲ್ಲಿ ಹೊತ್ತು ತಂದು, ಕುಟ್ಟಿ, ಜಲ್ಲಿಯ ಜೊತೆ ಕಾಂಕ್ರೀಟಿಗೆ ಬೆರೆಸುತ್ತಿದ್ದಳು. ನಕ್ಕವರೆಲ್ಲ ಈಗ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಇಂಜಿನಿಯರುಗಳ ಸಂಘ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳಿಗೆ ಕೊಡುವ ಪ್ರಶಸ್ತಿಯ ಕೊನೆಯ ಸುತ್ತಿಗೆ ಅವಳ ಪೋಸ್ಟರು ಆಯ್ಕೆಯಾಗಿತ್ತು. 'ಮಾಮೂಲಿ ಕಾಂಕ್ರೀಟಿಗಿಂತ ಗಟ್ಟಿ' ಎಂದು ದಪ್ಪಕ್ಷರದ ತಲೆಬರಹ. ಮಾಮೂಲಿಯ ಬಲ ಇಪ್ಪತ್ನಾಲ್ಕು ಮೆಗಾಪಾಸ್ಕಲ್, ಅವಳದರ ಬಲ ಇಪ್ಪತ್ತೊಂಬತ್ತು.

ಸಮಾರಂಭಕ್ಕೆ ಒಂದು ತಿಂಗಳಿತ್ತು. ಬಲ ಅಳೆಯಲು ಕಾಂಕ್ರೀಟಿನ ಕ್ಯೂಬುಗಳನ್ನು ಒತ್ತಿ ಒಡೆಯುವ ಯಂತ್ರವನ್ನು ಮೂವತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ಲ್ಯಾಬಿನ ಅಟೆಂಡರು, ಎಲ್ಲರ ಬಾಯಲ್ಲೂ ಮಾವ, ಅಂದು ಕಿರಿಯರಿಗೆ ಪಾಠ ಹೇಳುತ್ತಿದ್ದ.

"ಕರಣೆ ಆಡಿಸಿದ ಒರಟು ಮುಖ ಪಕ್ಕಕ್ಕಿರಬೇಕು ಕಣ್ರೋ. ಅದನ್ನ ಮೇಲಿಟ್ರೆ ಉಬ್ಬುತಗ್ಗಿನ ಮೇಲೆ ಭಾರ ಬಿದ್ದು ಬೇಗ ಒಡೆಯುತ್ತೆ. ಗಟ್ಟಿ ಇರೋದೂ ಪೊಳ್ಳು ಅನ್ನಿಸುತ್ತೆ."

ಅಲ್ಲೇ ಗೋಡೆಗೆ ಒರಗಿಸಿದ್ದ ಪೋಸ್ಟರಿನ ಕಡೆ ರಾಣಿಯ ಕಣ್ಣು ಹೋಯಿತು. ಅದರ ಫೋಟೋದಲ್ಲಿ ಯಂತ್ರದೊಳಗೆ ಮಾಮೂಲಿ ಕಾಂಕ್ರೀಟಿನ ಕ್ಯೂಬು ಕೂತಿತ್ತು. ಒರಟು ಮುಖ ಮೇಲೆ! ಮೊದಲ ದಿನ, ಮಾವ ರಜೆಯಲ್ಲಿದ್ದಾಗ, ತಡೆಯಲಾರದೆ ಅದನ್ನು ತಾನೇ ಇಟ್ಟು ಒಡೆದಿದ್ದಳು; ತನ್ನ ಬೆರಕೆಯದನ್ನು ಮರುದಿನ ಒಡೆದುಕೊಟ್ಟವನು ಮಾವ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನೆ ಅಲ್ಲ.

ಮಾವನೂ ಫೋಟೋ ನೋಡಿದ. "ಯಾರ ಕಣ್ಣಿಗೂ ಬಿದ್ದಿಲ್ಲ ಬಿಡಮ್ಮ. ಪ್ರಶಸ್ತಿ ಬರಲಿ ಮೊದಲು."

ಬಿಡಮ್ಮ. ಮನೆ ಕಟ್ಟಿಸಿದವರು ಅಮ್ಮನಿಗೂ ಹೀಗೇ ಹೇಳುತ್ತಿದ್ದರು. ಅಮ್ಮ ಪ್ರತಿ ಟೈಲನ್ನೂ ಕರಣೆಯ ಹಿಡಿಯಿಂದ ತಟ್ಟಿ ಕಿವಿಗೊಡುವಳು. ಟೊಳ್ಳು ಸದ್ದು ಬಂದರೆ, ಯಾರು ಬೇಡವೆಂದರೂ ಕಿತ್ತು ಮತ್ತೆ ಕೂರಿಸುವಳು.

"ಮಾವ, ಅಚ್ಚುಗಳಿಗೆ ಎಣ್ಣೆ ಹಚ್ಚೋಣ," ಎಂದಳು ರಾಣಿ. "ಇವತ್ತೇ. ಎರಡೂ ಬಗೆಯ ಕ್ಯೂಬು ಹೊಸದಾಗಿ ಹಾಕೋಣ."

ಇಪ್ಪತ್ತೆಂಟು ದಿನ ತುಂಬದೆ ಕ್ಯೂಬು ಒಡೆಯುವ ಹಾಗಿಲ್ಲ. ಸಮಾರಂಭದ ಹಿಂದಿನ ದಿನ ಒಡೆದಾಗ ಅವಳದು ಮತ್ತೆ ಇಪ್ಪತ್ತೊಂಬತ್ತು. ಮಾಮೂಲಿಯದು ಮೂವತ್ತೊಂದು. ರಾಣಿ ತಲೆಬರಹದ ಮೇಲೆ ಬಿಳಿ ಹಾಳೆ ಅಂಟಿಸಿ, 'ಮಾಮೂಲಿಗಿಂತ ಸ್ವಲ್ಪ ಕಮ್ಮಿ. ಮೊದಲು ಅಳೆದದ್ದು ತಪ್ಪು' ಎಂದು ಬರೆದಳು. ಫೋಟೋವನ್ನು ತೆಗೆಯಲಿಲ್ಲ.

ತೀರ್ಪುಗಾರ್ತಿ ಸೇತುವೆಗಳನ್ನು ಕಟ್ಟಿಸಿ ನಿವೃತ್ತಿಯಾದ ಹಿರಿಯ ಇಂಜಿನಿಯರು. ಹಾಳೆಯನ್ನು ಎರಡು ಸಲ ಓದಿದರು.

"ಇದನ್ನ ಅಂಟಿಸದೇ ಇದ್ದಿದ್ರೆ ಪ್ರಶಸ್ತಿ ನಿನಗೇ ಬರ್ತಿತ್ತೋ ಏನೋ."

"ಗೊತ್ತು ಮೇಡಂ."

ಪ್ರಶಸ್ತಿ ಬೇರೆ ಇಬ್ಬರಿಗೆ ಹೋಯಿತು. ರಾಣಿಯೂ ಚಪ್ಪಾಳೆ ತಟ್ಟಿದಳು. ಕೆಲಸಕ್ಕೆ ರಜೆ ಹಾಕಿ, ಇದ್ದುದರಲ್ಲಿ ಒಳ್ಳೆಯ ಸೀರೆಯುಟ್ಟು ಬಂದಿದ್ದ ಅಮ್ಮನ ಮುಖ ನೋಡಿದ್ದೇ ಅಳು ಒತ್ತರಿಸಿ ಬಂತು. ನಡೆದದ್ದೆಲ್ಲ ಹೇಳಿಕೊಂಡಳು.

ಅಮ್ಮ ಮೇಜಿನ ಮೇಲೆ ತೋರಿಸಲೆಂದು ಇಟ್ಟಿದ್ದ, ಮಗಳು ಮಾಡಿದ ಕ್ಯೂಬನ್ನು ಹತ್ತಿರ ಎಳೆದುಕೊಂಡು, ಗೆಣ್ಣಿನಿಂದ ಒಂದೊಂದು ಮುಖವನ್ನೂ ತಟ್ಟಿ ಕಿವಿಗೊಟ್ಟಳು.

"ಟೊಳ್ಳಿಲ್ಲ," ಎಂದಳು. "ನಾಳೆ ಇನ್ನೊಂದು ಚೀಲ ಚೂರು ತರ್ತೀನಿ. ಮೂವತ್ತೊಂದಕ್ಕೆ ಆ ಎರಡು ಎಲ್ಲಿ ಕಮ್ಮಿ ಆಯ್ತು ಅಂತ ಹುಡುಕೇ."