ಮುಚ್ಚಳ ತಪ್ಪಿದ ತಟ್ಟೆಯ ಕೋಶ

ನಾನು ಒಂದು ಕೋಶ. ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಮಂಗಳೂರಿನ ಪ್ರಯೋಗಾಲಯವೊಂದರ ಪ್ಲಾಸ್ಟಿಕ್ ತಟ್ಟೆಯಲ್ಲಿ, ತಾಯಿಕೋಶ ಎರಡಾಗಿ ಒಡೆದಾಗ ಹುಟ್ಟಿದೆ. ಆಗ ನಾನು ಕಾಂಡಕೋಶ. ಚರ್ಮ, ನರ, ಸ್ನಾಯು, ಏನು ಬೇಕಾದರೂ ಆಗಬಹುದಿತ್ತು.

ನನ್ನನ್ನು ಸಾಕಿದವಳು ಸಂಶೋಧನಾ ವಿದ್ಯಾರ್ಥಿನಿ ವಿಲ್ಮಾ ಲೋಬೊ. ಹೃದಯದ ಒಳಗೋಡೆಯಲ್ಲಿ, ರಕ್ತ ತಾಗುವ ಕಡೆ, ತೆಳುವಾದ ಕೋಶಪದರವೊಂದಿರುತ್ತದೆ. ಕಾಂಡಕೋಶವನ್ನು ಆ ಪದರದತ್ತ ತಿರುಗಿಸುವುದರಲ್ಲಿ ಇಟಿವಿ2 ಎಂಬ ಪ್ರೋಟೀನಿನ ಪಾತ್ರವೇನೆಂಬುದು ಅವಳ ಪ್ರಶ್ನೆ. ಒಂದೇ ವಂಶದ ಕೋಶಗಳನ್ನು ಎರಡು ತಟ್ಟೆಗಳಲ್ಲಿ ಬೆಳೆಸಿ, ಇಟಿವಿ2ವನ್ನು ಎಬ್ಬಿಸುವ ಔಷಧಿಯನ್ನು ನನ್ನ ತಟ್ಟೆಗೆ ಮಾತ್ರ ಹಾಕಿದಳು.

ಇಟಿವಿ2 ನನ್ನ ಡಿಎನ್‌ಎ ಮೇಲೆ ಕುಳಿತು ಕೆಲವು ಜೀನ್‌ಗಳನ್ನು ತೆರೆಯಿತು. ಸ್ನಾಯುವಾಗುವ ದಾರಿ ಮುಚ್ಚುತ್ತ ಬಂತು. ಅನಂತರ ಗಾಟಾ4, ಹೃದಯದ ಒಳಪದರದ ಗುರುತಾದ ಎನ್‌ಫ್ಯಾಟ್‌ಸಿ1 ಎಂಬ ಪ್ರೋಟೀನುಗಳು ತಮ್ಮ ಕೆಲಸ ಆರಂಭಿಸಿದವು. ನಾನು ಚಪ್ಪಟೆಯಾದೆ, ನೆರೆಯ ಕೋಶಗಳ ಅಂಚಿಗೆ ಅಂಚು ಸೇರಿಸಿದೆ. ಹಿಂದಿರುಗುವ ಮನಸ್ಸಿರಲಿಲ್ಲ.

ಹದಿನಾಲ್ಕನೆಯ ದಿನ ವಿಲ್ಮಾ ಎರಡೂ ಮುಚ್ಚಳಗಳನ್ನು ಒಟ್ಟಿಗೆ ತೆಗೆದು, ನಮ್ಮನ್ನು ಇದ್ದಂತೆಯೇ ಹಿಡಿದಿಡುವ ದ್ರವ ಹಾಕಿದಳು. ನನ್ನ ಬದುಕು ಅಲ್ಲಿಗೆ ನಿಂತಿತು. ಮುಚ್ಚಲು ಹೋದ ಅವಳ ಕೈಯೂ ನಿಂತಿತು. ಅವಳು ಹೆಸರು ಬರೆದದ್ದು ಮುಚ್ಚಳಗಳ ಮೇಲೆ, ತಟ್ಟೆಗಳ ಮೇಲಲ್ಲ. ಯಾವುದರ ಮುಚ್ಚಳ ಯಾವುದೆಂದು ನೆನಪಾಗಲಿಲ್ಲ.

ಪ್ರಬಂಧ ಒಪ್ಪಿಸಲು ಹದಿನಾರೇ ದಿನ ಉಳಿದಿದ್ದವು. ಬಣ್ಣ ಹಾಕಿದಾಗ ನನ್ನ ತಟ್ಟೆಯ ಕೋಶಕೇಂದ್ರಗಳಲ್ಲಿ ಎನ್‌ಫ್ಯಾಟ್‌ಸಿ1 ಹಸಿರಾಗಿ ಹೊಳೆಯಿತು; ಇನ್ನೊಂದು ತಟ್ಟೆ ಕಪ್ಪಾಗಿಯೇ ಉಳಿಯಿತು. ಉಪ್ಪಿನಕಾಯಿ ಭರಣಿಗೆ ಬರೆದ ಹಾಗೆ ಮುಚ್ಚಳಕ್ಕೆ ಬರೆದಿದ್ದೀಯಲ್ಲ ಎಂದು ಚುಚ್ಚಿದ ಮಾರ್ಗದರ್ಶಕ ಬಲ್ಲಾಳರು, ಸೂಕ್ಷ್ಮದರ್ಶಕದಿಂದ ತಲೆ ಎತ್ತದೆ ಹೇಳಿದರು:

“ಹಸಿರು ಉಂಟಲ್ಲ ಮಾರಾಯ್ತಿ. ಔಷಧಿ ಹಾಕಿದ್ದು ಇದೇ. ಬರೆದುಬಿಡು.”

“ಔಷಧಿಯಿಂದ ಹಸಿರು ಬರ್ತದಾ ಅಂತಲೇ ಅಲ್ವಾ ಸರ್ ನನ್ನ ಪ್ರಶ್ನೆ? ಹಸಿರು ನೋಡಿಯೇ ಔಷಧಿ ಹಾಕಿದ್ದು ಅಂತ ಬರೆದ್ರೆ, ಮತ್ತೆ ನಾನು ಪರೀಕ್ಷೆ ಮಾಡಿದ್ದು ಎಂತ?”

ಮತ್ತೆ ಮಾಡುವಾಗ ಒಂದು ತಟ್ಟೆಗೆ ಬೂಸ್ಟು ಹಿಡಿದರೂ ಅವಧಿ ಮೀರುತ್ತದೆ, ಆರು ವರ್ಷದ ಕೆಲಸ ನಿಂತುಹೋಗುತ್ತದೆ ಎಂದು ಅವರು ಎಚ್ಚರಿಸಿದರು.

“ಗೊತ್ತುಂಟು ಸರ್. ನಾಳೆ ಬೆಳಿಗ್ಗೆ ಹೊಸ ಕೋಶ ಹಾಕ್ತೇನೆ.”

ಈಗ ನನ್ನ ತಟ್ಟೆ ಫ್ರಿಜ್ಜಿನ ಹಿಂಬದಿಯಲ್ಲಿದೆ. ‘ಪರಿಗಣಿಸುವಂತಿಲ್ಲ’ ಎಂಬ ಚೀಟಿ ಅಂಟಿದೆ, ಹಸಿರು ಮಾಸುತ್ತಿದೆ. ಹೊಸ ತಟ್ಟೆಗಳಿಗೆ ಇಂದು ಒಂಬತ್ತನೆಯ ದಿನ. ಭಾನುವಾರವಾದರೂ ಬಲ್ಲಾಳರು ತಾವೇ ಬಂದು, ಒಂದೊಂದೇ ಮುಚ್ಚಳ ತೆಗೆದು, ಪೋಷಕದ್ರವ ಬದಲಿಸಿದರು. ಅವುಗಳಲ್ಲಿ ಯಾವುದು ಹೃದಯದ ಒಳಪದರವಾಗುವುದೆಂದು ನಾನು ಬಲ್ಲೆ. ಆದರೆ ನನ್ನ ಸಾಕ್ಷ್ಯ ಸಲ್ಲದು, ಸಲ್ಲಲೂಬಾರದು.