ಗರಗಸ ಹಿಡಿಯದ ಕೈ

"ಕುಯ್ಯೋ ಬೋಳಿಮಗನೇ!"

ಪಟೇಲ ರಾಮಾಂಜಿನಪ್ಪ ಎಸೆದ ಗರಗಸ ಮುನಿಸ್ವಾಮಿಯ ಮೊಣಕಾಲಿಗೆ ಬಡಿದು ಬಿತ್ತು. ಮರ ಕುಯ್ಯುವ ಗರಗಸ. ಹಲ್ಲುಗಳಲ್ಲಿ ಇನ್ನೂ ಬೇವಿನ ಪುಡಿ ಅಂಟಿತ್ತು.

ಗುಡಿಸಲ ಮುಂದೆ ಈಚಲು ಚಾಪೆಯ ಮೇಲೆ ಜೀತದಾಳು ಬೈರಣ್ಣ ಬಿದ್ದಿದ್ದ. ಜೀತ ಬಿಟ್ಟು ದೊಡ್ಡಬಳ್ಳಾಪುರದ ಮಗ್ಗಕ್ಕೆ ಹೋಗುತ್ತೇನೆಂದು ಬಾಯಿಬಿಟ್ಟ ತಪ್ಪಿಗೆ ಪಟೇಲ ಹಾರೆಯಿಂದ ಅವನ ಕಾಲು ಮುರಿದು ಒಂಬತ್ತು ದಿನವಾಗಿತ್ತು. ಮೂಳೆ ಹೊರಬಂದು, ಪಾದ ಕಪ್ಪಿಟ್ಟು, ಹುಳ ಬಿದ್ದಿತ್ತು. ನಾತಕ್ಕೆ ಸೇರಿದ್ದ ನಾಯಿಗಳನ್ನು ಎಷ್ಟು ಅಟ್ಟಿದರೂ ಕದಲುತ್ತಿರಲಿಲ್ಲ. ಪಟೇಲ ಮಾತ್ರ ಪಂಚೆಯ ಚುಂಗನ್ನು ಮೂಗಿಗೆ ಒತ್ತಿಕೊಂಡು ದೂರ ನಿಂತಿದ್ದ, ಅವನ ಎರಡೂ ಪಕ್ಕಕ್ಕೆ ದೊಣ್ಣೆ ಹಿಡಿದ ಇಬ್ಬರು ಆಳುಗಳು.

"ಕುಯ್ಯಾಕ್ ಬರಾಕಿಲ್ವಾ? ಮಿಲ್ಟ್ರಿ ಆಸ್ಪತ್ರೇಲಿ ಮೂರ್ ವರ್ಷ ಏನ್ ಕಿತ್ತೆ ಹಂಗಾದ್ರೆ?"

"ಡಾಕ್ಟ್ರು ಕುಯ್ತಿದ್ರು ಬುದ್ಧಿ. ನಾನು ಕಾಲು ಅದುಮಿ ಹಿಡ್ಕಂತಿದ್ದೆ. ಗಾಯ ಆದೋರ್ನ ಹೊತ್ಕಂಡ್ ಬರ್ತಿದ್ದೆ. ಅಷ್ಟೇಯ. ಇವನ್ನ ಆಸ್ಪತ್ರೆಗೆ ಕರ್ಕಂಡೋಗ್ತೀನಿ."

"ಆಸ್ಪತ್ರೆಯೋರು ಪೋಲೀಸ್ನೋರ್ನ ಕರೀಲಿ ಅಂತಾನಾ? ಊರು ದಾಟಿದ್ರೆ ನಿನ್ ಕಾಲೂ ಮುರೀತೀನಿ."

ಬೈರಣ್ಣನ ಹೆಂಡತಿ ದ್ಯಾವಮ್ಮ ಮುನಿಸ್ವಾಮಿಯ ಕೈ ಹಿಡಿದುಕೊಂಡಳು. "ನೀನೇ ಕುಯ್ದುಬಿಡಪ್ಪ. ಸತ್ರೂ ನಿನ್ನ ಬೈಯಾಕಿಲ್ಲ."

ಮುನಿಸ್ವಾಮಿ ಕೈ ಬಿಡಿಸಿಕೊಂಡ. ಯುದ್ಧದಿಂದ ಬಂದ ಹೊಸತರಲ್ಲಿ ಕೇರಿಯವರ ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಿದ್ದ. ಎಲ್ಲರೂ ಡಾಕ್ಟರಪ್ಪ ಎಂದು ಕರೆದರು, ಇವನೂ ಉಬ್ಬಿದ. ಇದೇ ದ್ಯಾವಮ್ಮನ ಜ್ವರ ಬಂದಿದ್ದ ಮಗುವಿಗೆ ಸೂಜಿ ಚುಚ್ಚಿದ. ಚುಚ್ಚುವುದನ್ನು ನೋಡಿದ್ದನೇ ಹೊರತು ಕಲಿತಿರಲಿಲ್ಲ. ಸಂಜೆಯೊಳಗೆ ಮಗು ಸತ್ತಿತು. ಅಂದೇ ಔಷಧಿ ಪೆಟ್ಟಿಗೆ ಅಟ್ಟಕ್ಕೆಸೆದು ಕಲ್ಲು ಒಡೆಯಲು ಹೋದವನು, ಇಂದು ಬೆಳಿಗ್ಗೆ ಅವಳೇ ಬಾಗಿಲಿಗೆ ಬಂದು ಅತ್ತಳೆಂದು ಪೆಟ್ಟಿಗೆ ಇಳಿಸಿದ್ದ.

"ಬರಾಕಿಲ್ಲ ಕಣಕ್ಕಾ. ಗೊತ್ತಿಲ್ದೆ ಒಂದ್ ಸಾರಿ ಕೈ ಹಾಕ್ದೆ. ಸಾಕು."

ಪಟೇಲ ನಕ್ಕ. "ಕುಯ್ಯದೆ ಸತ್ರೂ ನೀನೇ ಕೊಂದೆ ಅಂತ ಬರೆಸ್ತೀನಿ ಕಣ್ಲಾ. ಮೊದ್ಲೇ ಒಂದ್ ಕೊಂದೀಯ."

ಮುನಿಸ್ವಾಮಿ ಗರಗಸ ಎತ್ತಿಕೊಂಡ. ದ್ಯಾವಮ್ಮ ಕಣ್ಣು ಮುಚ್ಚಿದಳು. ಅವನು ಅದನ್ನು ಪಟೇಲನ ಕಾಲ ಬಳಿಗೇ ಬೀಸಿ ಎಸೆದ.

"ನೀನ್ ಮುರ್ದಿದ್ದು. ನೀನೇ ಕುಯ್ಕೋ."

ಬಗ್ಗಿ ಬೈರಣ್ಣನನ್ನು ಹೆಗಲಿಗೇರಿಸಿಕೊಂಡು ದೊಡ್ಡಬಳ್ಳಾಪುರದ ಆಸ್ಪತ್ರೆಯ ದಾರಿ ಹಿಡಿದ. ಮೊದಲ ದೊಣ್ಣೆ ಬೆನ್ನಿಗೆ ಬಿತ್ತು. ಎರಡನೆಯದಕ್ಕೆ ಕಿವಿ ಹರಿದು ರಕ್ತ ಕುತ್ತಿಗೆಗಿಳಿಯಿತು. ದ್ಯಾವಮ್ಮ ಕಲ್ಲೆತ್ತಿ ಬೀಸಿದಳು. ಒಬ್ಬ ಆಳು ಹಣೆ ಹಿಡಿದುಕೊಂಡು ಕುಸಿದ. ಇನ್ನೊಬ್ಬ ಬಡಿಯುತ್ತಲೇ ಬಂದ. ಪ್ರತಿ ಏಟಿಗೂ ಮುನಿಸ್ವಾಮಿ ತಾನೇ ಅಡ್ಡ ತಿರುಗಿ, ಕೊಳೆತ ಆ ಕಾಲಿಗೆ ತಾಗದಂತೆ ನೋಡಿಕೊಂಡ.

"ಇಳ್ಸಣ್ಣ, ಸಾಯ್ತೀಯ," ಹೆಗಲ ಮೇಲೆ ಬೈರಣ್ಣ ನರಳಿದ.

ಮುನಿಸ್ವಾಮಿ ಏಟಿಗೆ ಮುರಿದ ಹಲ್ಲನ್ನು ಉಗಿದ.

"ಸುಮ್ಕಿರ್ಲಾ. ಇದು ನಂಗೆ ಬರೋ ಕೆಲ್ಸ."