ಮೊದಲ ಮೊರ

"ಇಲ್ಲೇ ಒಂಚೂರು ನಿಲ್ಸೋ ಮೋನ," ಎಂದಳು ಬೆಟ್ಟಮ್ಮ. ಬೆಳಿಗ್ಗೆಯಿಂದ ಇದು ಐದನೆಯ ಸಲ. ಮೋಹನ್ ಮೆಟಡೋರನ್ನು ಹೊಂಗೆ ಮರದ ನೆರಳಿಗೆ ನಿಲ್ಲಿಸಿದ. ಅವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕುಯ್ಲಾದ ಗದ್ದೆಯನ್ನೂ ಹುಲ್ಲು ಹೊರುತ್ತಿದ್ದವರನ್ನೂ ತನ್ನವೇ ಎಂಬಂತೆ ನೋಡಿದಳು. ದೂರದ ಮೆದೆ ಓರೆಯಾಗಿದೆ, ಒಟ್ಟಿದವನಿಗೆ ಕೆಲಸ ಬರಲ್ಲ ಎಂದು ತೀರ್ಪನ್ನೂ ಕೊಟ್ಟಳು.

ಹಾನುಬಾಳಿನಿಂದ ಆಲೂರಿನ ಆಚೆಗಿರುವ ಅವಳ ತೌರಿಗೆ ಅರವತ್ತು ಕಿಲೋಮೀಟರು ದಾಟುವುದಿಲ್ಲ. ಹೊರಟು ಇದು ಮೂರನೆಯ ದಿನ. ಹಿಂದೆ ಮೀನು ಸಾಗಿಸುತ್ತಿದ್ದ ಗಾಡಿಯನ್ನು ಮೋಹನ್ ಕೊಂಡು, ಮೂರು ಸಲ ಸೋಪು ಹಾಕಿ ತೊಳೆದು, ಒಳಗೆ ಹಲಗೆ ಮಂಚ, ಸೀಮೆಎಣ್ಣೆ ಸ್ಟೌ, ನೀರಿನ ಡ್ರಮ್ಮು ಕೂರಿಸಿದ್ದ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದರೂ ಸ್ಪ್ಯಾನರ್ ಹಿಡಿದರೆ ಅವನಿಗೆ ಯಾರ ಪಾಠವೂ ಬೇಕಿರಲಿಲ್ಲ. ಅವ್ವ ಆ ಮಂಚದ ಮೇಲೆ ಕಾಲು ಚಾಚಿ, ನೋಯುವ ಮಂಡಿಗೆ ಬಟ್ಟೆ ಸುತ್ತಿಕೊಂಡು ರಾಣಿಯ ಹಾಗೆ ಬರುತ್ತಿದ್ದಳು.

ಮೂವತ್ತು ವರ್ಷ ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ ಬಾಳಿದವಳು. ಕಾಫಿ ಹಣ್ಣಾಗುವುದೂ ತೌರಿನಲ್ಲಿ ಸುಗ್ಗಿಯಾಗುವುದೂ ಒಂದೇ ಹೊತ್ತಿಗೆ. ಹಾಗಾಗಿ ಮದುವೆಯಾದ ಮೇಲೆ ಅಲ್ಲಿನ ಸುಗ್ಗಿಯನ್ನು ಅವಳು ಕಂಡೇ ಇಲ್ಲ. ಹನ್ನೆರಡು ವರ್ಷದ ಹಿಂದೆ ಅವಳ ತಾಯಿ ತೀರಿಕೊಂಡದ್ದೂ ಹಣ್ಣು ಕುಯ್ಯುವ ಕಾಲದಲ್ಲೇ. ಆಳುಗಳ ಹಾಜರಿ ಬರೆಯುವ ಎಸ್ಟೇಟಿನ ರೈಟರ್ ರಜೆ ಕೊಡಲಿಲ್ಲ. ಮೂರನೆಯ ದಿನ ಹೋಗಿ ಇಳಿದವಳಿಗೆ ಅಣ್ಣ ಬೋರಯ್ಯ ಬಾಗಿಲಲ್ಲೇ ನಿಂತು, ಇನ್ನು ಈ ಮನೆಯ ಕಣ ತುಳಿಯಬೇಡ ಎಂದುಬಿಟ್ಟ. ರಾಶಿಯ ಮೊದಲ ಮೊರ ಮನೆಮಗಳಿಗೆ ಸಲ್ಲಬೇಕು ಎನ್ನುವುದು ಆ ಮನೆಯ ರೂಢಿ. ಅವಳು ಹೋಗಲಾಗದಿದ್ದರೂ ವರ್ಷವರ್ಷ ಲೈನಿಗೆ ಬರುತ್ತಿದ್ದ ಅದೂ ಅಂದಿಗೇ ನಿಂತಿತು.

ರೈಟರನ ಮೇಲಿನ ಸಿಟ್ಟು, ಮಾವನ ಮೇಲಿನ ಸಿಟ್ಟು ಎರಡೂ ಮೋಹನನೊಳಗೆ ಒಂದೇ ಗಂಟಾಗಿ ಕೂತಿದ್ದವು. ಈ ಸಲ ಅವ್ವನ ಮೊರ ಕೊಡಿಸಿಯೇ ತಿರುಗುತ್ತೇನೆಂದು ಹೊರಟವನು ಅವನು. ಅವ್ವನ ಈ ನಿಲ್ಲಿಸು ನಿಲ್ಲಿಸು ಎಂಬುದು ಗದ್ದೆ ನೋಡುವ ಆಸೆಯಲ್ಲ, ಹೆದರಿಕೆ ಎಂದು ಬಾಳ್ಳುಪೇಟೆ ದಾಟುವಾಗಲೇ ಅವನಿಗೆ ಗೊತ್ತಾಗಿತ್ತು.

"ಹಿಂಗೇ ಆದ್ರೆ ಮುಂದಿನ ಸುಗ್ಗಿಗೆ ತಲುಪ್ತೀವಿ ಕಣವ್ವ."

"ತಲುಪೋಣ ಬುಡು. ಗದ್ದೆ ಎಲ್ಲಿಗೂ ಓಡೋಗಲ್ಲ."

ಊರಿಗೆ ಇನ್ನೊಂದು ತಿರುವು ಇದೆ ಎನ್ನುವಾಗ ಟಾರು ರಸ್ತೆಯ ಮೇಲೆ ರಾಗಿ ತೆನೆ ಹರಡಿತ್ತು. ಗಂಡಸೊಬ್ಬ ಕವೆಗೋಲಿನಿಂದ ತೆನೆ ತಿರುವುತ್ತಿದ್ದ. ಹೆಂಗಸೊಬ್ಬಳು ಅಂಚಿನಲ್ಲಿ ಮೊರ ಹಿಡಿದಿದ್ದಳು. ಇಬ್ಬರೂ ಧೂಳಿಗೆ ಮುಖ ಸುತ್ತಿಕೊಂಡಿದ್ದರು. ಗಂಡಸು ಕೈ ಬೀಸಿ, ಹತ್ತಿಸು ಹತ್ತಿಸು ಎಂದ. ಮೋಹನ್ ಗೇರು ಹಾಕಿದ.

"ನಿಲ್ಸು," ಎಂದಳು ಅವ್ವ ಹಿಂದಿನಿಂದ. "ಅನ್ನದ ಮೇಲೆ ಚಕ್ರ ಹತ್ತಿಸ್ತೀಯೇನೋ?"

ಅವಳು ಬಿಟ್ಟುಹೋದ ಕಾಲದಲ್ಲಿ ಎತ್ತುಗಳು ಗುಂಡುಕಲ್ಲು ಎಳೆದು ರಾಗಿ ಒಕ್ಕುತ್ತಿದ್ದವು. ಈಗ ರಸ್ತೆಗೆ ತೆನೆ ಚೆಲ್ಲಿ, ಹೋಗಿಬರುವ ಬಸ್ಸು ಲಾರಿಯಿಂದಲೇ ಕಾಳು ಬಿಡಿಸಿಕೊಳ್ಳುತ್ತಾರೆಂದು ಅವಳಿಗೆ ತಿಳಿಯದು. ಮೋಹನ್ ಹೇಳುವಷ್ಟರಲ್ಲಿ ಇಳಿದೇಬಿಟ್ಟಳು. ಚಪ್ಪಲಿ ಅಂಚಿಗೆ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಕುಂಟುತ್ತ ತೆನೆಯ ನಡುವೆ ನಡೆದು, ದಾರಿಗೆ ರಾಗಿ ಸುರಿಯೋಕೆ ಬುದ್ಧಿ ಐತಾ ನಿಮಗೆ ಎಂದು ಬೈದು, ಹೆಂಗಸಿನ ಕೈಯಿಂದ ಮೊರ ಕಿತ್ತುಕೊಂಡಳು. ಗುಡಿಸಿಟ್ಟಿದ್ದ ರಾಗಿ ತುಂಬಿ ಕೇರತೊಡಗಿದಳು. ಎಡಗೈ ಮುಂದೆ, ಮೊರದ ಮೂತಿ ಬಲಕ್ಕೆ. ಹೊಟ್ಟು ಹಾರಿತು, ಕಾಳು ಒಂದೂ ಚೆಲ್ಲಲಿಲ್ಲ.

ಗಂಡಸಿನ ಕೈಯ ಕವೆಗೋಲು ನಿಂತಿತು. ಆ ಊರಲ್ಲಿ ಎಡಗೈಯಲ್ಲಿ ಕೇರುತ್ತಿದ್ದವರು ಇಬ್ಬರೇ. ಒಬ್ಬಳು ಅವನ ತಾಯಿ. ಇನ್ನೊಬ್ಬಳು, ತಾಯಿ ಕಲಿಸಿದ ಮಗಳು.

"ಭದ್ರ," ಎಂದ ಬೋರಯ್ಯ ಹೆಂಡತಿಗೆ, ಮುಖದ ಟವೆಲ್ಲು ಸರಿಸುತ್ತ. "ಇವಳ್ಯಾರು ಗೊತ್ತಾಯ್ತೇನೇ?"

ಬೆಟ್ಟಮ್ಮನ ಕೈಯೂ ನಿಂತಿತು. ಅಣ್ಣನ ಮುಖ ನೋಡಿದಳು, ಆಮೇಲೆ ರಾಗಿಯಲ್ಲಿ ಹೂತಿದ್ದ ತನ್ನ ಬರಿಗಾಲನ್ನು.

"ತುಳಿದ್ಬುಟ್ಟೆ ಕಣಣ್ಣ," ಎಂದಳು. "ರಸ್ತೆ ಅಂದ್ಕಂಡಿದ್ದೆ. ಇದೇ ಕಣ ಅಂತ ಗೊತ್ತಾಗ್ಲಿಲ್ಲ."

ಅಷ್ಟರಲ್ಲಿ ಮೋಹನ್ ಗಾಡಿಯಿಂದ ಹಾರಿ ಬಂದಿದ್ದ. ಹನ್ನೆರಡು ವರ್ಷ ಮಸೆದಿಟ್ಟ ಮಾತುಗಳಲ್ಲಿ ಬಾಯಿಗೆ ಬಂದದ್ದು ಒಂದೇ: "ಅವತ್ತು ರೈಟರ್ ಬಿಡ್ಲಿಲ್ಲ ಮಾವ."

"ಗೊತ್ತು ಕಣೋ," ಎಂದ ಬೋರಯ್ಯ. ಅವನ ಕಣ್ಣು ತಂಗಿಯ ಮಂಡಿಗೆ ಸುತ್ತಿದ್ದ ಬಟ್ಟೆಯ ಮೇಲಿತ್ತು. ಅವಳು ಮೊರವನ್ನು ಕೆಳಗಿಡಲು ಬಗ್ಗಿದಾಗ ತಡೆದ. "ಇಡಬ್ಯಾಡ. ಈ ವರ್ಷದ ಮೊದಲನೇದು ಅದು. ಗಾಡಿಗೆ ಹಾಕ್ಕೋ." ಆಮೇಲೆ ಮೋಹನನ ಕಡೆ ತಿರುಗಿ ಕವೆಗೋಲು ಬೀಸಿದ. "ನೋಡ್ತಾ ನಿಂತ್ರೆ ರಾಗಿ ಉದುರ್ತದೇನೋ ಅಳಿಯ? ಹತ್ತಿಸು. ನಿಧಾನಕ್ಕೆ."

ಸಂಜೆಯವರೆಗೂ ಮೋಹನ್ ಆ ನೂರು ಗಜದ ರಸ್ತೆಯಲ್ಲಿ ಫಸ್ಟ್ ಗೇರಿನಲ್ಲಿ ಮುಂದೆ ಹೋದ, ರಿವರ್ಸಿನಲ್ಲಿ ಹಿಂದೆ ಬಂದ. ಟೈರಿನಡಿ ತೆನೆ ಚರಚರ ಎನ್ನುತ್ತಿತ್ತು. ತಿರುವಿದ್ದು ಸಾಲದು ಎಂದು ಅವ್ವ ಅಣ್ಣನನ್ನು ಬೈಯುವುದು ಕೇಳುತ್ತಿತ್ತು. ಕನ್ನಡಿಯಲ್ಲಿ ಮಂಚ ಕಾಣುತ್ತಿತ್ತು. ಅವ್ವ ಕಾಲು ಚಾಚುತ್ತಿದ್ದ ಜಾಗದಲ್ಲಿ ಮೊರ ಕೂತಿತ್ತು. ಗಾಡಿ ಅಲುಗಿದಂತೆಲ್ಲ ಅದರೊಳಗಿನ ರಾಗಿ ಮೆಲ್ಲಗೆ ಸಮನಾಗುತ್ತಿತ್ತು.